ಅಂಗಳದ ಕೊಳಕ್ಕೆ ಯಾವ ಪಂಪು? ಎಚ್‌ಪಿ ಕೇಳುವ ಮೊದಲು ತಿಳಿಯಬೇಕಾದದ್ದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಂಸ್ಟೇಗಳು ಹೆಚ್ಚಾದ ಹಾಗೆ ಅಂಗಳದ ಕೊಳಗಳೂ ಹೆಚ್ಚಾಗಿವೆ. ಕಾರವಾರ, ಅಂಕೋಲಾ, ಕುಮಟಾದ ಹೊಸ ಮನೆಗಳ ಮುಂದೆಯೂ ಅಷ್ಟೇ. ಗೇಟಿನ ಪಕ್ಕ ಒಂದು ನೈದಿಲೆ ಕೊಳ, ಅದರಲ್ಲಿ ನಾಲ್ಕು ಬಣ್ಣದ ಮೀನು, ಚಿರೆಕಲ್ಲಿನ ಮೇಲಿಂದ ಇಳಿಯುವ ಪುಟ್ಟ ಝರಿ. ಕೊಳ ಕಟ್ಟುವುದು ಮೇಸ್ತ್ರಿಗೆ ಗೊತ್ತು. ತೊಡಕು ಶುರುವಾಗುವುದು ಪಂಪು ತರಲು ಹೋದಾಗ. ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ "ಎಷ್ಟು ಎಚ್‌ಪಿ ಬೇಕು?"

ಅಡಿಕೆ ತೋಟಕ್ಕೆ ನೀರು ಬಿಡುವ ಪಂಪಿಗೆ ಆ ಪ್ರಶ್ನೆ ಸರಿ. ಕೊಳದ ಪಂಪಿಗೆ ಕೇಳಬೇಕಾದದ್ದು ಬೇರೆ: ನನಗೆ ಬೇಕಾದ ಎತ್ತರಕ್ಕೆ ಇದು ಗಂಟೆಗೆ ಎಷ್ಟು ಲೀಟರ್ ನೀರು ಕೊಡುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಪಂಪಿನ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಪಂಪು ನಿಜವಾಗಿ ಬೇಕಾ?

ಬರೀ ತಾವರೆ, ನೈದಿಲೆ ಬೆಳೆಸುವ ಕೊಳಕ್ಕೆ ಪಂಪು ಬೇಕೇ ಬೇಕು ಅಂತಿಲ್ಲ. ನೈದಿಲೆಗೆ ನಿಂತ ನೀರೇ ಇಷ್ಟ. ಮೇಲಿಂದ ಸದಾ ನೀರು ಬಿದ್ದರೆ, ಎಲೆ ಒದ್ದೆಯಾಗುತ್ತಿದ್ದರೆ ಅದು ಸೊರಗುತ್ತದೆ. ಸೊಳ್ಳೆ ಮರಿಗಳನ್ನು ತಿನ್ನಲು ಒಂದಿಷ್ಟು ಗಪ್ಪಿ ಮೀನು ಬಿಟ್ಟರೆ ಸಾಕು. ಆರೋಗ್ಯ ಇಲಾಖೆಯವರು ಬಾವಿ, ಕೆರೆಗಳಿಗೆ ಬಿಡುವುದೂ ಗಪ್ಪಿ, ಗಂಬೂಸಿಯಾ ಮೀನುಗಳನ್ನೇ.

ಘಟ್ಟದ ಮೇಲೆ ಕೆಲವು ಮನೆಗಳಿಗೆ ಇನ್ನೊಂದು ಅನುಕೂಲ ಇದೆ. ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರು. ಅದು ಮನೆಯವರೆಗೆ ಬರುತ್ತಿದ್ದರೆ, ಅದನ್ನೇ ಕೊಳದ ಮೇಲಿಂದ ಹಾಯಿಸಿ ತೋಟಕ್ಕೆ ಬಿಟ್ಟರೆ ಆಯಿತು. ಪಂಪಿನ ಕೆಲಸವನ್ನು ಇಳಿಜಾರೇ ಮಾಡುತ್ತದೆ. ಬೇಸಿಗೆಯಲ್ಲಿ ಅಬ್ಬಿ ಬತ್ತುವ ಕಡೆ ಮಾತ್ರ ಆ ಎರಡು ಮೂರು ತಿಂಗಳಿಗೆ ಪಂಪು ಬೇಕಾದೀತು.

ದೊಡ್ಡ ಮೀನು ಸಾಕುವುದಾದರೆ, ಅದರಲ್ಲೂ ಕೋಯಿ ಅಥವಾ ಗೋಲ್ಡ್‌ಫಿಶ್ ಆದರೆ, ಪಂಪು ಬೇಕು. ಎರಡು ಕಾರಣ. ಒಂದು, ಉಸಿರು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಮೀನು ಉಸಿರಾಡುತ್ತದೆ. ನೀರು ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಯಲ್ಲಿ ಹಿಡಿಸುವುದು ಸುಮಾರು ಏಳೂವರೆ ಮಾತ್ರ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೊಳದ ನೀರು ಎಷ್ಟು ಬಿಸಿ ಇರುತ್ತದೆ ಅಂತ ಕೈ ಅದ್ದಿ ನೋಡಿದವರಿಗೆ ಗೊತ್ತು.

ಎರಡನೆಯದು, ಹೊಲಸು. ಮೀನಿನ ಹೊಲಸು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ಫಿಲ್ಟರಿನೊಳಗೆ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಜೀವಿಗಳಿಗೂ ಹರಿಯುವ ನೀರು, ಗಾಳಿ ಬೇಕು. ಹಾಗಾಗಿ ಮೀನಿನ ಕೊಳದಲ್ಲಿ ಪಂಪು ನಿಂತರೆ ಬರೀ ಝರಿ ನಿಲ್ಲುವುದಿಲ್ಲ, ನೀರು ಶುದ್ಧವಾಗುವುದೂ ನಿಲ್ಲುತ್ತದೆ.

ರಾತ್ರಿ ಯಾರೂ ನೋಡುವುದಿಲ್ಲ, ಸುಮ್ನೆ ಕರೆಂಟು ಯಾಕೆ ಅಂತ ಮಲಗುವಾಗ ಪಂಪು ಬಂದ್ ಮಾಡುವ ರೂಢಿ ಹಲವು ಮನೆಗಳಲ್ಲಿದೆ. ಮೀನಿದ್ದರೆ ಹಾಗೆ ಮಾಡಬೇಡಿ. ಹಗಲು ಬಿಸಿಲಿನಲ್ಲಿ ಪಾಚಿ, ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನ ಹಾಗೆ ಅದನ್ನು ಬಳಸಿಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರು ಸಾಲದ್ದು. ಪಂಪು ಹೆಚ್ಚು ಬೇಕಾಗಿರುವುದೇ ರಾತ್ರಿಗೆ.

ಕೊಳದಲ್ಲಿ ಎಷ್ಟು ಲೀಟರ್ ಇದೆ?

ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಬಂದ ಘನ ಅಡಿಯನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ದುಂಡು ಕೊಳವಾದರೆ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 0.785ರಿಂದ ಗುಣಿಸಿದರೆ ಘನ ಅಡಿ ಬರುತ್ತದೆ.

ಒಂದು ಕೊಳವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಅದೇ ಇರಲಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ. ಅಂದರೆ 120 ಘನ ಅಡಿ, ಸುಮಾರು 3,400 ಲೀಟರ್.

ಮೀನಿರುವ ಸಾಧಾರಣ ಕೊಳದಲ್ಲಿ ಎರಡು ಗಂಟೆಗೊಮ್ಮೆ ಪೂರ್ತಿ ನೀರು ಫಿಲ್ಟರ್ ಮೂಲಕ ಹಾಯಬೇಕು ಎನ್ನುವುದು ರೂಢಿಯ ಲೆಕ್ಕ. ಕೋಯಿ ಜಾಸ್ತಿ ಇದ್ದರೆ ಗಂಟೆಗೊಮ್ಮೆ. ನಮ್ಮ ಕೊಳಕ್ಕೆ ಎರಡು ಗಂಟೆಯ ಲೆಕ್ಕ ಹಿಡಿದರೆ ಗಂಟೆಗೆ 1,700 ಲೀಟರ್.

ಝರಿಯ ಲೆಕ್ಕವೇ ಬೇರೆ. ನೀರು ಬೀಳುವ ಅಂಚಿನ ಪ್ರತಿ ಇಂಚು ಅಗಲಕ್ಕೆ ಗಂಟೆಗೆ ಸುಮಾರು 400 ಲೀಟರ್ ಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ಹಾಳೆಯ ಹಾಗೆ ಬೀಳುವುದಿಲ್ಲ, ಕಲ್ಲಿಗೆ ಅಂಟಿಕೊಂಡು ಒಸರುತ್ತದೆ. ಅಂಚು 6 ಇಂಚು ಅಗಲ ಇದ್ದರೆ ಗಂಟೆಗೆ 2,400 ಲೀಟರ್. ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು. ನಮಗೆ ಬೇಕಾದದ್ದು ಗಂಟೆಗೆ 2,400.

ಕಲ್ಲು ಕಟ್ಟುವ ಮೊದಲೇ ಈ ಲೆಕ್ಕ ಮಾಡಿಕೊಂಡರೆ ತುಂಬಾ ಒಳ್ಳೆಯದು. ಮೂರು ಅಡಿ ಅಗಲದ ಝರಿ ಕಟ್ಟಿ ಆದಮೇಲೆ ಗಂಟೆಗೆ 14,000 ಲೀಟರ್ ಎತ್ತುವ ಪಂಪು ಹುಡುಕುವುದಕ್ಕಿಂತ ಅಂಚನ್ನೇ ಒಂದು ಅಡಿಗೆ ಇಳಿಸುವುದು ಮೇಲು.

ಹೆಡ್ ಅಂದರೆ ಏನು?

ಪಂಪು ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಎನ್ನುವುದಕ್ಕೆ ಹೆಡ್ ಅನ್ನುತ್ತಾರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಪಂಪು ಕೊಳದ ತಳದಲ್ಲಿದೆ, ಹಾಗಾಗಿ ತಳದಿಂದ ಅಳೆಯಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರಿನ ಮೇಲ್ಮೈಯಿಂದ ನೀರು ಹೊರಬೀಳುವ ಜಾಗದವರೆಗೆ ಮಾತ್ರ ಅಳೆಯಬೇಕು. ಪಂಪಿನ ಮೇಲಿರುವ ಕೊಳದ ನೀರೇ ಆ ಮಟ್ಟದವರೆಗೆ ಪೈಪಿನೊಳಗೂ ನೀರನ್ನು ತಳ್ಳಿ ಇಟ್ಟಿರುತ್ತದೆ. ಪಂಪಿನ ಶ್ರಮ ಅಲ್ಲಿಂದ ಮೇಲಕ್ಕೆ.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಆಷಾಢದಲ್ಲಿ ನೀರು ಕೈಗೆ ಎಟಕುವಷ್ಟು ಮೇಲಿರುತ್ತದೆ, ಒಂದು ಗಂಟೆಯಲ್ಲಿ ಎಷ್ಟೋ ಕೊಡ ತುಂಬಿಸಬಹುದು. ಮೇ ತಿಂಗಳಲ್ಲಿ ನೀರು ತಳ ಸೇರಿದಾಗ ಅದೇ ಮನುಷ್ಯ, ಅದೇ ತೋಳು, ಅದೇ ಒಂದು ಗಂಟೆ, ಆದರೆ ತುಂಬುವ ಕೊಡ ಅರ್ಧಕ್ಕರ್ಧ ಕಡಿಮೆ. ಪಂಪೂ ಹೀಗೆಯೇ. ಎತ್ತರ ಹೆಚ್ಚಿದಷ್ಟೂ ಗಂಟೆಗೆ ಬರುವ ನೀರು ಕಡಿಮೆ. ಒಂದು ಎತ್ತರ ಮುಟ್ಟಿದ ಮೇಲೆ ಪಂಪು ಓಡುತ್ತಲೇ ಇರುತ್ತದೆ, ನೀರು ಮಾತ್ರ ಒಂದು ಹನಿಯೂ ಬರುವುದಿಲ್ಲ.

ಪೆಟ್ಟಿಗೆಯ ಮೇಲೆ ಬರೆದಿರುವುದು ಈ ಎರಡು ತುದಿಗಳನ್ನು ಮಾತ್ರ. "ಗಂಟೆಗೆ 4,000 ಲೀಟರ್, ಎತ್ತರ 3 ಮೀಟರ್" ಅಂತ ಇದ್ದರೆ ಎರಡೂ ಒಟ್ಟಿಗೆ ಸಿಗುತ್ತದೆ ಅಂತ ಅಲ್ಲ. 4,000 ಲೀಟರ್ ಬರುವುದು ಎತ್ತರವೇ ಇಲ್ಲದಾಗ. 3 ಮೀಟರ್ ಎತ್ತರದಲ್ಲಿ ಬರುವುದು ಸೊನ್ನೆ. ನಮಗೆ ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇದೆ. ಒಳ್ಳೆಯ ಕಂಪನಿಗಳು ಪೆಟ್ಟಿಗೆಯ ಪಕ್ಕದಲ್ಲೋ ಒಳಗಿನ ಚೀಟಿಯಲ್ಲೋ ಒಂದು ಇಳಿಯುವ ಗೆರೆಯ ಚಿತ್ರ ಹಾಕಿರುತ್ತವೆ. ಆ ಗೆರೆಯಲ್ಲಿ ನಿಮ್ಮ ಎತ್ತರಕ್ಕೆ ಎಷ್ಟು ಲೀಟರ್ ಎಂದು ನೋಡಿ. ಆ ಚಿತ್ರ ಇಲ್ಲದ ಪಂಪನ್ನು ನಾನಂತೂ ಕೊಳ್ಳಿ ಅನ್ನುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಪೆಟ್ಟಿಗೆಯಲ್ಲಿರುವ ಎತ್ತರದ ಅರ್ಧದಲ್ಲಿ ನೀರೂ ಅರ್ಧ ಅಂತ ಅಂದಾಜು ಹಿಡಿಯಬಹುದು.

ಪೈಪು ತಿನ್ನುವ ಎತ್ತರ

ನಮ್ಮ ಉದಾಹರಣೆಯ ಝರಿ ನೀರಿನ ಮಟ್ಟದಿಂದ 3 ಅಡಿ ಮೇಲಿದೆ, ಅಂದರೆ 0.9 ಮೀಟರ್. ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗಲೂ ಪಂಪಿನ ಬಲ ಖರ್ಚಾಗುತ್ತದೆ. ಅದನ್ನೂ ಎತ್ತರ ಅಂತಲೇ ಎಣಿಸುತ್ತಾರೆ.

ಗಂಟೆಗೆ 2,400 ಲೀಟರ್ ನೀರನ್ನು 15 ಅಡಿ ಪೈಪಿನಲ್ಲಿ, ಎರಡು ಎಲ್ಬೋ ದಾಟಿಸಿ ಕಳಿಸಬೇಕು ಅಂತಿಟ್ಟುಕೊಳ್ಳಿ. ಒಂದೂಕಾಲು ಇಂಚಿನ ಪೈಪಾದರೆ ಈ ಉಜ್ಜಾಟಕ್ಕೆ ಹೋಗುವುದು 0.2 ಮೀಟರಿನಷ್ಟು. ಒಂದು ಇಂಚಿನ ಪೈಪಾದರೆ 0.7 ಮೀಟರಿನ ಹತ್ತಿರ. ಮನೆಯಲ್ಲಿ ಉಳಿದಿದೆ ಅಂತ ಗಿಡಕ್ಕೆ ನೀರು ಬಿಡುವ ಅರ್ಧ ಇಂಚಿನ ಪೈಪು ಹಾಕಿದರೆ 10 ಮೀಟರಿಗೂ ಮೀರುತ್ತದೆ. ಯಾವ ಕೊಳದ ಪಂಪಿಗೂ ಅದು ಆಗದ ಮಾತು, ನೀರು ಸಣ್ಣ ಎಳೆಯಾಗಿ ಬರುತ್ತದೆ ಅಷ್ಟೇ. ಪೈಪಿನ ಅಡ್ಡಳತೆ ಅರ್ಧವಾದರೆ ಉಜ್ಜಾಟ ಎರಡು ಪಟ್ಟಲ್ಲ, ಸುಮಾರು 32 ಪಟ್ಟು ಆಗುವುದೇ ಇದಕ್ಕೆ ಕಾರಣ. ದೊಡ್ಡ ಪಂಪು ತರುವ ದುಡ್ಡಿನಲ್ಲಿ ಸ್ವಲ್ಪ ಭಾಗ ದಪ್ಪ ಪೈಪಿಗೆ ಹಾಕಿದರೆ ಲಾಭ ಜಾಸ್ತಿ.

ಒಂದೂಕಾಲು ಇಂಚು ಹಾಕಿದರೆ ಒಟ್ಟು ಎತ್ತರ ಸುಮಾರು 1.2 ಮೀಟರ್ ಅಂತ ಹಿಡಿಯೋಣ. ಈಗ ಅಂಗಡಿಯಲ್ಲಿ ಕೇಳುವ ಮಾತು ಸಿದ್ಧ: 1.2 ಮೀಟರ್ ಎತ್ತರಕ್ಕೆ ಗಂಟೆಗೆ 2,400 ಲೀಟರ್ ಕೊಡುವ ಪಂಪು. ಮೇಲೆ ಹೇಳಿದ 4,000 ಲೀಟರ್, 3 ಮೀಟರಿನ ಪಂಪು ಇದಕ್ಕೆ ಹೆಚ್ಚು ಕಡಿಮೆ ಸರಿಹೊಂದುತ್ತದೆ.

ಅರ್ಧ ಎಚ್‌ಪಿ ಯಾಕೆ ಬೇಡ?

ಗಂಟೆಗೆ 2,400 ಲೀಟರನ್ನು 1.2 ಮೀಟರ್ ಎತ್ತಲು ಬೇಕಾಗುವ ನಿಜವಾದ ಶಕ್ತಿ ಎಷ್ಟು ಗೊತ್ತಾ? ಸುಮಾರು 8 ವ್ಯಾಟ್. ಸಣ್ಣ ಪಂಪುಗಳು ಸಾಕಷ್ಟು ಶಕ್ತಿಯನ್ನು ಪೋಲು ಮಾಡುವುದರಿಂದ 40ರಿಂದ 60 ವ್ಯಾಟಿನ ಪಂಪು ಬೇಕಾಗುತ್ತದೆ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. ಅದೂ ಮೋಟಾರು ಕೊಡುವ ಶಕ್ತಿ. ಮೀಟರಿನಿಂದ ಎಳೆಯುವುದು ಐನೂರು ದಾಟಬಹುದು.

ತೋಟದ ಪಂಪು ದಿನಕ್ಕೆ ಒಂದೆರಡು ಗಂಟೆ ಓಡುತ್ತದೆ. ಕೊಳದ್ದು 24 ಗಂಟೆ. 60 ವ್ಯಾಟಿನ ಪಂಪು ತಿಂಗಳಿಗೆ ಸುಮಾರು 43 ಯೂನಿಟ್ ತಿನ್ನುತ್ತದೆ. 500 ವ್ಯಾಟ್ ಎಳೆಯುವ ಪಂಪು 360 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಇದು ಇನ್ನೂ ಮುಖ್ಯ. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಸ್ಕಾಂ ಬಿಲ್ಲು ಪೂರ್ತಿ ಕಟ್ಟಬೇಕಾಗುತ್ತದೆ. ಮನೆಯ ಟ್ಯಾಂಕಿಗೆ ನೀರು ಏರಿಸುವ ಪಂಪು ಹಗಲೂ ರಾತ್ರಿ ಬಿಡದೆ ಓಡಲು ಮಾಡಿದ್ದೂ ಅಲ್ಲ. ಹತ್ತಾರು ಮೀಟರ್ ಎತ್ತರಕ್ಕೆ ತಳ್ಳಲು ಮಾಡಿದ ಪಂಪನ್ನು ಒಂದು ಮೀಟರಿಗೆ ಬಳಸಿದರೆ ದುಡ್ಡೂ ದಂಡ, ಪಂಪೂ ಹಾಳು.

ನೀರಿನೊಳಗೋ, ಹೊರಗೋ?

ಮನೆಯ ಕೊಳಕ್ಕೆ ನೀರಿನೊಳಗೇ ಮುಳುಗಿರುವ ಪಂಪು ಸಾಕು. ಸದ್ದಿಲ್ಲ, ಗಾಳಿ ಹಿಡಿಯುವ ತೊಂದರೆ ಇಲ್ಲ, ಬಿಸಿಯಾದರೆ ಸುತ್ತಲ ನೀರೇ ತಂಪು ಮಾಡುತ್ತದೆ. ನೀರು ಕಡಿಮೆಯಾಗಿ ಪಂಪು ಬರಿದಾಗಿ ಓಡಿದರೆ ಮಾತ್ರ ಬೇಗ ಸುಡುತ್ತದೆ. ಹೊರಗಿಡುವ ಪಂಪು ಹತ್ತಾರು ಸಾವಿರ ಲೀಟರಿನ ದೊಡ್ಡ ಕೊಳಗಳಿಗೆ.

ಮುಳುಗುವ ಪಂಪಿನಲ್ಲೂ ಎರಡು ಬಗೆ. ಬಾವಿಗೆ ಇಳಿಸುವ ಕೆಲವು ಪಂಪುಗಳ ಮೋಟಾರಿನೊಳಗೆ ಎಣ್ಣೆ ಇರುತ್ತದೆ. ಸೀಲು ಸವೆದರೆ ಎಣ್ಣೆ ನೇರ ಕೊಳಕ್ಕೆ. ಮೀನಿರುವ ಕಡೆ ಅದು ಬೇಡ. ಕೊಳಕ್ಕೆ ಅಂತಲೇ ಮಾಡುವ ಪಂಪಿನಲ್ಲಿ ವೈರಿನ ಸುರುಳಿಯನ್ನು ರಾಳದಲ್ಲಿ ಪೂರ್ತಿ ಮುಚ್ಚಿರುತ್ತಾರೆ. ನೀರಿನಲ್ಲಿ ತಿರುಗುವುದು ಒಂದು ಅಯಸ್ಕಾಂತದ ರೋಟಾರು ಮತ್ತು ಅದರ ತುದಿಯ ರೆಕ್ಕೆ ಮಾತ್ರ. ಇದನ್ನೇ ಕೇಳಿ ತನ್ನಿ.

ಕೂಲರ್ ಪಂಪು ಅಗ್ಗ, ಎಲ್ಲ ಕಡೆ ಸಿಗುತ್ತದೆ. ತಾವರೆ ಕುಂಡದ ಪುಟ್ಟ ಕಾರಂಜಿಗೆ ಸಂಜೆ ಹೊತ್ತು ಓಡಿಸಲು ಅಡ್ಡಿಯಿಲ್ಲ. ಮೀನಿನ ಜೀವವನ್ನು ಅದರ ಮೇಲೆ ಬಿಡಬೇಡಿ.

ದರಕು, ಕೆಂಪು ಕೆಸರು, ಉಪ್ಪು

ಪೆಟ್ಟಿಗೆಯ ಮೇಲಿನ ಸಂಖ್ಯೆಗಳು ಶುದ್ಧ ನೀರಿನವು. ನಮ್ಮ ಅಂಗಳದ ನೀರು ಹಾಗಿರುವುದಿಲ್ಲ. ಘಟ್ಟದ ಮೇಲೆ ಮಾಘ, ಫಾಲ್ಗುಣದಲ್ಲಿ ದರಕು ಉದುರಿ ಕೊಳದ ತುಂಬಾ ತೇಲುತ್ತದೆ, ಕೊಳೆತು ತಳ ಸೇರುತ್ತದೆ. ಮಳೆಗಾಲದಲ್ಲಿ ಅಂಗಳದ ಕೆಂಪು ಮಣ್ಣು ಹರಿದು ಬರುತ್ತದೆ. ಕಾರಂಜಿಗೆ ಅಂತ ಮಾರುವ ಪಂಪಿನ ಜಾಳಿಗೆ ತೀರಾ ಸಣ್ಣದು, ದಿನವೂ ಕಟ್ಟಿಕೊಳ್ಳುತ್ತದೆ. ಫಿಲ್ಟರಿಗೆ ಅಂತ ಮಾಡುವ ಪಂಪು ಆರೆಂಟು ಮಿಲಿಮೀಟರಿನ ಕಸವನ್ನೂ ನುಂಗಿ ಮುಂದೆ ಕಳಿಸುತ್ತದೆ. ಮೀನಿನ ಕೊಳಕ್ಕೆ ಎರಡನೆಯದೇ ಸರಿ. ಗಪ್ಪಿಯಂಥ ಸಣ್ಣ ಮೀನಿದ್ದರೆ ಪಂಪನ್ನು ತೂತಿನ ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು ಸುತ್ತ ಸೊಳ್ಳೆ ಪರದೆಯ ಬಲೆ ಸುತ್ತಿ. ಬುಟ್ಟಿ ದೊಡ್ಡದಿದ್ದಷ್ಟೂ ಕಟ್ಟಿಕೊಳ್ಳುವುದು ತಡ.

ಪಂಪನ್ನು ನೇರ ತಳದ ಮೇಲೆ ಇಡಬೇಡಿ. ಒಂದು ಚಿರೆಕಲ್ಲಿನ ತುಂಡಿನ ಮೇಲೆ, ತಳದಿಂದ ಅರ್ಧ ಅಡಿ ಎತ್ತರಕ್ಕೆ ಇಡಿ. ಕೆಸರು ಎಳೆಯುವುದು ಕಡಿಮೆಯಾಗುತ್ತದೆ. ಇನ್ನೊಂದು ಲಾಭವೂ ಇದೆ. ರಾತ್ರಿ ಪೈಪು ಕಳಚಿಕೊಂಡು ನೀರೆಲ್ಲ ಹೊರಗೆ ಹೋದರೂ ಮೀನಿಗೆ ಆ ಅರ್ಧ ಅಡಿ ನೀರು ಉಳಿದಿರುತ್ತದೆ. ಝರಿ ಬೀಳುವ ತುದಿಗೆ ಎದುರು ತುದಿಯಲ್ಲಿ ಪಂಪು ಇಟ್ಟರೆ ಕೊಳದ ಪೂರ್ತಿ ನೀರು ತಿರುಗುತ್ತದೆ.

ತಿಂಗಳಿಗೊಮ್ಮೆ ಪಂಪು ಬಿಚ್ಚಿ ನೋಡಿ. ಮುಂದಿನ ಮುಚ್ಚಳ ತಿರುಗಿಸಿದರೆ ಕಳಚುತ್ತದೆ. ಒಳಗಿನ ರೋಟಾರನ್ನು ಬೆರಳಲ್ಲಿ ಹಿಡಿದು ಎಳೆದರೆ, ಅಯಸ್ಕಾಂತ ಒಮ್ಮೆ ಹಿಂದಕ್ಕೆ ಜಗ್ಗಿ ಆಮೇಲೆ ಬಿಟ್ಟುಕೊಳ್ಳುತ್ತದೆ. ಅದರ ಮೈಮೇಲೆ ತುಕ್ಕಿನ ಬಣ್ಣದ ಲೋಳೆ ಕೂತಿರುತ್ತದೆ, ಚಿರೆಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ರೋಟಾರು ಕೂರುವ ಗೂಡನ್ನೂ ಉಜ್ಜಿ. ನಡುವಿನ ಬಿಳಿ ಕಡ್ಡಿ ಸೆರಾಮಿಕ್‌ನದು, ಕೆಳಗೆ ಬಿದ್ದರೆ ಪಿಂಗಾಣಿಯಂತೆ ಒಡೆಯುತ್ತದೆ. ಬಕೆಟಿನ ಮೇಲೆ ಹಿಡಿದುಕೊಂಡೇ ಬಿಚ್ಚುವುದು ಒಳ್ಳೆಯದು.

ಕರಾವಳಿಯಲ್ಲಿ ಶತ್ರು ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಆಸುಪಾಸಿನ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದುಂಟು. ಅದನ್ನೇ ಕೊಳಕ್ಕೆ ತುಂಬಿಸಿದರೆ ಸಾಮಾನ್ಯ ಸ್ಟೀಲಿನ ಸ್ಕ್ರೂ, ಕಡ್ಡಿಗಳು ತುಕ್ಕು ಹಿಡಿಯುತ್ತವೆ. ಲೋಹದ ಭಾಗ ಆದಷ್ಟು ಕಡಿಮೆ ಇರುವ, ಸೆರಾಮಿಕ್ ಕಡ್ಡಿಯ, ಉಪ್ಪು ನೀರಿಗೂ ಆಗುತ್ತದೆ ಅಂತ ಬರೆದಿರುವ ಪಂಪನ್ನು ಆರಿಸಿ.

ಶಾಕ್ ಹೊಡೆಯದಿರಲಿ

ನೀರು, ಕರೆಂಟು, ಮಕ್ಕಳು ಮೂರೂ ಒಂದೇ ಕಡೆ ಇರುವ ಜಾಗ ಇದು. ಇಲ್ಲಿ ಉಳಿತಾಯ ಬೇಡವೇ ಬೇಡ. ಕೊಳದ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸ್ವಲ್ಪ ಸೋರಿದರೂ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಎಂಸಿಬಿ ಇದೆಯಲ್ಲ ಅಂತ ಸುಮ್ಮನಾಗಬೇಡಿ. ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಅರ್ಥಿಂಗ್ ಸರಿ ಇರಬೇಕು. ಪಂಪಿನ ಮೇಲೆ ಐಪಿ68 ಅಂತ ಇರಬೇಕು, ಅಂದರೆ ಸದಾ ಮುಳುಗಿರಲು ತಕ್ಕದ್ದು. ವೈರಿನ ಜೋಡಣೆ ನೀರಿನೊಳಗೆ ಬರಲೇಬಾರದು. ಟೇಪು ಸುತ್ತಿದ ಜಾಯಿಂಟು ನಮ್ಮ ಮಳೆಗೆ ತಡೆಯುವುದಿಲ್ಲ. ಪ್ಲಗ್ಗು ಸೂರಿನ ಅಡಿ, ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಬಳುಕಿ ಮೇಲೇರುವಂತೆ ಇರಲಿ. ಆಗ ವೈರಿನ ಗುಂಟ ಬಂದ ಹನಿ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ.

ಕೊಳಕ್ಕೆ ಕೈ ಹಾಕುವ ಮೊದಲು ಪ್ಲಗ್ಗು ಕೀಳಿ. ಪಂಪನ್ನು ವೈರು ಹಿಡಿದು ಎತ್ತಬೇಡಿ, ಹಿಡಿಕೆಗೆ ನೈಲಾನ್ ಹಗ್ಗ ಕಟ್ಟಿಡಿ. ಸಣ್ಣ ಮಕ್ಕಳಿರುವ ಮನೆಗೆ, ಹೋಂಸ್ಟೇಗೆ 12 ಅಥವಾ 24 ವೋಲ್ಟಿನ ಪಂಪು ಇನ್ನೂ ಕ್ಷೇಮ. ಅದರ ಅಡಾಪ್ಟರ್ ಮಾತ್ರ ಮನೆಯೊಳಗೇ ಇರಬೇಕು.

ಮಳೆಗಾಲದಲ್ಲಿ ಕರೆಂಟು ಹೋದಾಗ

ಜೂನ್ ಬಂತೆಂದರೆ ಲೈನಿನ ಮೇಲೆ ಮರ ಬೀಳುವುದು, ಒಂದೆರಡು ದಿನ ಕರೆಂಟು ಇಲ್ಲದಿರುವುದು ಹಳ್ಳಿಗಳಿಗೆ ಹೊಸದಲ್ಲ. ಜೋರು ಮಳೆ ಬೀಳುತ್ತಿರುವಾಗ ಮೀನಿಗೆ ಅಷ್ಟು ಭಯವಿಲ್ಲ. ನೀರು ತಂಪಾಗಿರುತ್ತದೆ, ಹನಿಗಳೇ ಗಾಳಿ ಬೆರೆಸುತ್ತವೆ. ಅಪಾಯ ಇರುವುದು ಮೇ ತಿಂಗಳ ಸಂಜೆ ಗುಡುಗಿ, ಕರೆಂಟು ಹೋಗಿ, ಮಳೆ ಬಾರದೆ ಬರೀ ಸೆಕೆ ಉಳಿದ ರಾತ್ರಿಯಲ್ಲಿ. ಅದಕ್ಕೆ ಬ್ಯಾಟರಿಯ ಸಣ್ಣ ಗಾಳಿ ಪಂಪು ಒಂದಿರಲಿ. ಮನೆಯ ಇನ್ವರ್ಟರಿಗೆ ಕೊಳದ ಪಂಪನ್ನೇ ಜೋಡಿಸುವುದಾದರೆ ಅದು ಸೈನ್‌ವೇವ್ ಇನ್ವರ್ಟರ್ ಆಗಿದ್ದರೆ ಒಳ್ಳೆಯದು. ಹಳೆಯ ಬಗೆಯ ಇನ್ವರ್ಟರಿನಲ್ಲಿ ಇಂಥ ಪಂಪು ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಸೋಲಾರ್ ಪಂಪು ಬೇಸಿಗೆಯ ಹಗಲಿಗೆ ಚೆನ್ನ. ಬ್ಯಾಟರಿ ಇಲ್ಲದಿದ್ದರೆ ರಾತ್ರಿಗೂ ಆಷಾಢಕ್ಕೂ ಅದರಿಂದ ಪ್ರಯೋಜನವಿಲ್ಲ.

ಕರೆಂಟು ಹಲವು ಗಂಟೆ ಹೋಗಿ ಬಂದ ಮೇಲೆ ಪಂಪು ತಕ್ಷಣ ಹಾಕಬೇಡಿ. ಫಿಲ್ಟರಿನೊಳಗೆ ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಸತ್ತು ನಾರುತ್ತಿರುತ್ತವೆ. ಮೊದಲು ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಆಮೇಲೆ ಸ್ವಿಚ್ ಒತ್ತಿ.

ಕೂರಿಸಿದ ಮೇಲೆ ಒಂದು ಪರೀಕ್ಷೆ

ಪಂಪು ಕೊಟ್ಟ ಮಾತಿನಂತೆ ನೀರು ಕೊಡುತ್ತಿದೆಯೇ ಅಂತ ನೋಡಲು ಒಂದು ಬಕೆಟು, ಒಂದು ಮೊಬೈಲು ಸಾಕು. ಝರಿಯ ತುದಿಯಲ್ಲಿ ಪೈಪಿನ ಬಾಯಿಗೆ 20 ಲೀಟರಿನ ಬಕೆಟು ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಗಂಟೆಗೆ 2,400 ಲೀಟರ್ ಬರುತ್ತಿದ್ದರೆ 30 ಸೆಕೆಂಡಿಗೆ ತುಂಬಬೇಕು. 72,000ವನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೀಟರ್ ಬರುತ್ತದೆ. ಹೊಸದರಲ್ಲೇ 45 ಸೆಕೆಂಡು ಹಿಡಿದರೆ ಗಂಟೆಗೆ 1,600 ಲೀಟರ್ ಮಾತ್ರ. ಪೈಪು ಸಣ್ಣದಾಗಿದೆ ಅಥವಾ ಪಂಪು ಸಣ್ಣದಾಗಿದೆ, ಬದಲಿಸಿಕೊಳ್ಳಲು ಅದೇ ಸಮಯ. ನೀರು ಜಾಸ್ತಿ ಬಂದರೆ ಹೊರಬರುವ ಪೈಪಿಗೆ ವಾಲ್ವ್ ಹಾಕಿ ತಗ್ಗಿಸಬಹುದು. ಒಳಗೆಳೆಯುವ ಬದಿಯನ್ನು ಮಾತ್ರ ಮುಚ್ಚಬಾರದು.

ಮೊದಲ ದಿನದ ಸೆಕೆಂಡನ್ನು ಸ್ವಿಚ್ಚಿನ ಪಕ್ಕ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಬಕೆಟು ತುಂಬಲು ಅದಕ್ಕಿಂತ ಹತ್ತು ಸೆಕೆಂಡು ಜಾಸ್ತಿ ಹಿಡಿದಾಗ ಬುಟ್ಟಿ ತೊಳೆಯಿರಿ. ಬುಟ್ಟಿ ತೊಳೆದರೂ ಸರಿಹೋಗದಿದ್ದರೆ ರೋಟಾರು ಬಿಚ್ಚಿ ನೋಡಿ.